ಡಿ-ಡೈಮರ್: ರಕ್ತಸ್ಕಂದನದ ಸೂಚಕವೂ ಚಿಕಿತ್ಸೆಯೂ

ಡಿ-ಡೈಮರ್ ಎಂಬುದು, ರಕ್ತನಾಳದಲ್ಲಿ ಹೆಪ್ಪುಗಟ್ಟಿ ದೃಢಗೊಂಡ ಫೈಬ್ರಿನ್ ಜಾಲವನ್ನು ಶರೀರವು ತನ್ನದೇ ಕಿಣ್ವದಿಂದ ಕರಗಿಸುವಾಗ ರಕ್ತಪ್ರವಾಹಕ್ಕೆ ಬಿಡುಗಡೆಯಾಗುವ ಪ್ರೋಟೀನಿನ ಒಂದು ತುಣುಕು. ಹೆಪ್ಪು ಕಟ್ಟದಿದ್ದರೆ ಅದು ಹುಟ್ಟದು. ಕಟ್ಟಿದ ಹೆಪ್ಪು ಕರಗತೊಡಗದಿದ್ದರೂ ಹುಟ್ಟದು. ಹೀಗೆ ಪರಸ್ಪರ ವಿರುದ್ಧವಾದ ಎರಡು ಕ್ರಿಯೆಗಳಿಗೂ ಏಕಕಾಲದಲ್ಲಿ ಸಾಕ್ಷಿಯಾಗಿರುವ ಕಾರಣ, ಕಾಲಿನ ಆಳದ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವ ವ್ಯಾಧಿಯಲ್ಲಿಯೂ, ಆ ಹೆಪ್ಪು ಕಳಚಿ ಮೇಲೇರಿ ಶ್ವಾಸಕೋಶದ ಅಪಧಮನಿಯನ್ನು ಅಡ್ಡಗಟ್ಟುವ ಪಲ್ಮನರಿ ಎಂಬಾಲಿಸಮ್ ಎಂಬ ಪ್ರಾಣಾಪಾಯಕರ ಸ್ಥಿತಿಯಲ್ಲಿಯೂ, ತೀವ್ರ ಸೋಂಕುಗಳಲ್ಲಿಯೂ ವೈದ್ಯರು ಇದರ ಪ್ರಮಾಣವನ್ನು ಅಳೆಯಿಸುತ್ತಾರೆ. ಅಳತೆಯಿಂದ ಅವರು ನಿರೀಕ್ಷಿಸುವ ಪ್ರಯೋಜನಗಳು ಮೂರು: ರೋಗವಿಲ್ಲವೆಂದು ನಿಶ್ಚಯಿಸುವುದು, ಚಿಕಿತ್ಸೆಯ ಆರಂಭವನ್ನೋ ಅವಧಿಯನ್ನೋ ತೀರ್ಮಾನಿಸುವುದು, ರೋಗಿಯ ಮುಂದಿನ ಗತಿಯನ್ನು ಊಹಿಸುವುದು. ಈ ಮೂರೂ ಒಂದೇ ಸಂಖ್ಯೆಯನ್ನು ಆಶ್ರಯಿಸಿರುವುದರಿಂದ ಒಂದೇ ಬಗೆಯ ಕಾರ್ಯಗಳೆಂಬ ಭ್ರಮೆ ಸುಲಭವಾಗಿ ಉಂಟಾಗುತ್ತದೆ; ವಸ್ತುತಃ ಒಂದರಲ್ಲಿ ಸಿದ್ಧವಾದ ಸಾಮರ್ಥ್ಯವು ಮತ್ತೊಂದರಲ್ಲಿ ತಾನಾಗಿ ಸಿದ್ಧಿಸುವುದಿಲ್ಲವೆಂಬುದೇ ಈ ಪರೀಕ್ಷೆಯ ಅರ್ಧಶತಮಾನದ ಚರಿತ್ರೆಯಿಂದ ಹೊರಪಡುವ ಮುಖ್ಯ ಸಂಗತಿ.

ರಕ್ತದ ಪ್ಲಾಸ್ಮಾದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನಿನ ಅಣುವು ಉದ್ದವಾಗಿದ್ದು, ಅದರ ನಡುವೆ ಒಂದು ಇ ಭಾಗವೂ ಎರಡು ತುದಿಗಳಲ್ಲಿ ಒಂದೊಂದು ಡಿ ಭಾಗವೂ ಇರುವುವು. ನಾಳಕ್ಕೆ ಗಾಯವಾದಾಗಲೋ, ರಕ್ತದ ಚಲನೆ ಮಂದಗೊಂಡಾಗಲೋ, ಉರಿಯೂತದ ಪ್ರೇರಣೆಯಿಂದಲೋ ಥ್ರಾಂಬಿನ್ ಎಂಬ ಕಿಣ್ವವು ಜಾಗೃತವಾಗಿ, ಈ ಅಣುವಿನ ನಡುಭಾಗದಿಂದ ಸಣ್ಣ ತುಂಡುಗಳನ್ನು ಕತ್ತರಿಸಿ ಅದನ್ನು ಫೈಬ್ರಿನ್ ಆಗಿ ಮಾರ್ಪಡಿಸುತ್ತದೆ. ಫೈಬ್ರಿನ್ ಅಣುಗಳು ಒಂದರ ತುದಿಗೊಂದು ತಾಗಿ ಎಳೆಗಳಾಗಿ ಬೆಳೆಯುವುವು. ಇಷ್ಟರಿಂದಲೇ ಹೆಪ್ಪು ಗಟ್ಟಿಯಾಗದು. ಹದಿಮೂರನೆಯ ಸ್ಕಂದಕಾಂಶವೆಂದು ಕರೆಯಲ್ಪಡುವ ಮತ್ತೊಂದು ಕಿಣ್ವವು ಅಕ್ಕಪಕ್ಕದ ಎರಡು ಅಣುಗಳ ಡಿ ಭಾಗಗಳನ್ನು ರಾಸಾಯನಿಕ ಬಂಧದಿಂದ ಬೆಸೆದಾಗ ಮಾತ್ರ ಜಾಲವು ಬಿಗಿಯುತ್ತದೆ. ಅನಂತರ ಪ್ಲಾಸ್ಮಿನ್ ಎಂಬ ಕಿಣ್ವವು ಈ ಜಾಲವನ್ನು ಅಲ್ಲಲ್ಲಿ ಕಡಿಯುತ್ತದೆಯಾದರೂ, ಬೆಸೆದ ಎರಡು ಡಿಗಳ ನಡುವಣ ಬಂಧವನ್ನು ಕಡಿಯಲಾರದು. ಆ ಜೋಡಿಯೇ ಡಿ-ಡೈಮರ್. ಥ್ರಾಂಬಿನ್, ಹದಿಮೂರನೆಯ ಅಂಶ, ಪ್ಲಾಸ್ಮಿನ್ ಈ ಮೂರೂ ಕ್ರಮವಾಗಿ ತಮ್ಮ ಕೆಲಸವನ್ನು ಮುಗಿಸಿದ ಹೊರತು ಅದು ರಕ್ತದಲ್ಲಿ ಕಾಣಿಸದು. ಸುಮಾರು ಎಂಟು ಗಂಟೆಗಳಲ್ಲಿ ಅದರ ಅರ್ಧಾಂಶವು ಮೂತ್ರಪಿಂಡಗಳ ಮೂಲಕವೂ, ಅನ್ಯವಸ್ತುಗಳನ್ನು ನುಂಗಿ ಶುದ್ಧಿಮಾಡುವ ಜೀವಕೋಶಗಳ ಮೂಲಕವೂ ನಿವಾರಣೆಯಾಗುತ್ತದೆ. ಸಂಪೂರ್ಣ ಆರೋಗ್ಯವಂತರ ರಕ್ತದಲ್ಲಿಯೂ ಅದರ ಅಲ್ಪಾಂಶ ಸದಾ ಇದ್ದೇ ಇರುವುದು. ಏಕೆಂದರೆ ಹೆಪ್ಪು ಕಟ್ಟುವುದೂ ಕರಗುವುದೂ ಜೀವಂತ ಶರೀರದಲ್ಲಿ ಅಲ್ಪ ಪ್ರಮಾಣದಲ್ಲಿ ನಿರಂತರವಾಗಿ ನಡೆಯತಕ್ಕ ವ್ಯಾಪಾರಗಳು.

ಪ್ಲಾಸ್ಮಿನ್‌ನ ಕ್ರಿಯೆಯಿಂದ ಫೈಬ್ರಿನೋಜನ್ ಒಡೆದಾಗ ದೊರೆಯುವ ತುಣುಕುಗಳನ್ನು ಪ್ರತ್ಯೇಕಿಸಿ, ಅವಕ್ಕೆ ಅಕ್ಷರಕ್ರಮದಲ್ಲಿ ಹೆಸರಿಟ್ಟ ಕೀರ್ತಿ 1961ರಲ್ಲಿ ಪ್ಯಾರಿಸಿನಲ್ಲಿ ಸಂಶೋಧನೆ ನಡೆಸಿದ ವಿಕ್ಟರ್ ನುಸೆನ್ಸ್‌ವೈಗ್ ಮತ್ತು ಅವರ ಸಂಗಡಿಗರದು. ಬೆಸೆದ ಫೈಬ್ರಿನ್ನಿನಿಂದ ಮಾತ್ರ ಈ ಜೋಡಿ ತುಣುಕು ಹುಟ್ಟುವುದೆಂಬ ಜ್ಞಾನವು 1970ರ ದಶಕದಲ್ಲಿ ಸ್ಥಿರಪಟ್ಟಿತು. ಲಂಡನ್ನಿನ ಪ್ಯಾಟ್ರಿಕ್ ಗ್ಯಾಫ್ನಿಯವರ ಹೆಸರು ಈ ಸಂದರ್ಭದಲ್ಲಿ ಸ್ಮರಣೀಯ. ಆದರೆ ಆಸ್ಪತ್ರೆಯ ಪ್ರಯೋಗಶಾಲೆಗೆ ಅದು ಕೂಡಲೇ ಉಪಯೋಗಕ್ಕೆ ಬರಲಿಲ್ಲ. ಆಗ ಬಳಕೆಯಲ್ಲಿದ್ದ ಪ್ರತಿಕಾಯಗಳಿಗೆ ಅಖಂಡ ಫೈಬ್ರಿನೋಜನ್ ಯಾವುದು, ಅದರ ತುಣುಕು ಯಾವುದು, ಹೆಪ್ಪಿನಿಂದ ಬಂದ ತುಣುಕು ಯಾವುದೆಂಬ ವಿವೇಚನೆ ಇರಲಿಲ್ಲವಾದ್ದರಿಂದ, ರಕ್ತವನ್ನು ಮೊದಲು ಪೂರ್ತಿ ಹೆಪ್ಪುಗಟ್ಟಿಸಿ ಫೈಬ್ರಿನೋಜನ್ನನ್ನು ತೆಗೆದುಹಾಕಿ, ಉಳಿದ ಸೀರಮ್ಮಿನಲ್ಲಿ ಪರೀಕ್ಷಿಸಬೇಕಾಗಿತ್ತು, ಫಲಿತಾಂಶವೂ ಸಂದಿಗ್ಧವಾಗಿರುತ್ತಿತ್ತು. 1983ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ರೈಲಟ್ ಮತ್ತು ಸಹೋದ್ಯೋಗಿಗಳು ಡಿ-ಡೈಮರ್ ಜೋಡಿಯನ್ನು ಗುರುತಿಸಬಲ್ಲ ಮಾನೋಕ್ಲೋನಲ್ ಪ್ರತಿಕಾಯವನ್ನು ಪ್ರಕಟಪಡಿಸಿದ ಮೇಲೆ ಈ ತೊಡಕು ಪರಿಹಾರವಾಯಿತು. ಇಂದು ಬೇರೆಬೇರೆ ತಯಾರಕರು ಬೇರೆಬೇರೆ ಪ್ರತಿಕಾಯಗಳನ್ನು ಬಳಸುತ್ತಿರುವರು. ಒಂದು ಯಂತ್ರದ ಸಂಖ್ಯೆಯನ್ನು ಮತ್ತೊಂದು ಯಂತ್ರದ ಸಂಖ್ಯೆಯೊಡನೆ ನೇರವಾಗಿ ಹೋಲಿಸಬಾರದೆಂಬುದಕ್ಕೆ ಮೂಲಕಾರಣವಿದು.

ಮಾನದ ವಿಷಯದಲ್ಲಿಯೂ ಒಂದು ಗೊಂದಲ ಉಳಿದುಬಂದಿದೆ. ಕೆಲವು ಪ್ರಯೋಗಶಾಲೆಗಳು ಡಿ-ಡೈಮರ್‌ನ ತೂಕವನ್ನೇ ಡಿಡಿಯು ಎಂಬ ಮಾನದಲ್ಲಿ ತಿಳಿಸಿದರೆ, ಮತ್ತೆ ಕೆಲವು ಅದಕ್ಕೆ ಮೂಲವಾದ ಫೈಬ್ರಿನೋಜನ್‌ನ ತೂಕವನ್ನು ಎಫ್‌ಇಯು ಎಂಬ ಮಾನದಲ್ಲಿ ತಿಳಿಸುವುವು. ಫೈಬ್ರಿನೋಜನ್‌ನ ಅಣುತೂಕ ಸುಮಾರು 3,40,000, ಡಿ-ಡೈಮರ್‌ನದು ಸುಮಾರು 1,95,000 ಆಗಿರುವುದರಿಂದ, ಒಂದು ಡಿಡಿಯು ಸ್ಥೂಲವಾಗಿ ಎರಡು ಎಫ್‌ಇಯುಗಳಿಗೆ ಸಮ. ಇದರ ಮೇಲೆ ಕೆಲವರು ನ್ಯಾನೋಗ್ರಾಂಗಳಲ್ಲಿ, ಕೆಲವರು ಮೈಕ್ರೋಗ್ರಾಂಗಳಲ್ಲಿ ಬರೆಯುವ ಪದ್ಧತಿಯೂ ಸೇರಿ, 0.5, 250, 500 ಎಂಬ ಮೂರು ಸಂಖ್ಯೆಗಳೂ ಒಂದೇ ಮಿತಿಯನ್ನು ಹೇಳುತ್ತಿರಬಹುದು. ಮಾನವನ್ನು ನೋಡದೆ ಸಂಖ್ಯೆಯನ್ನು ಮಾತ್ರ ಓದಿ ಔಷಧ ಬರೆಯುವುದು ಅಕ್ಷಮ್ಯ ಅಜಾಗರೂಕತೆ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಈ ಪರೀಕ್ಷೆಯು ಮೊದಲು ಪ್ರತಿಷ್ಠೆ ಗಳಿಸಿದ್ದು ನಿಷೇಧದ ಮುಖದಿಂದ. ಗರ್ಭಿಣಿಯಲ್ಲಿ, ಶಸ್ತ್ರಚಿಕಿತ್ಸೆಯಾದವನಲ್ಲಿ, ಕ್ಯಾನ್ಸರ್ ರೋಗಿಯಲ್ಲಿ, ನ್ಯುಮೋನಿಯದಿಂದ ನರಳುವವನಲ್ಲಿ, ಕಡೆಗೆ ಕೇವಲ ವಯಸ್ಸಾದವನಲ್ಲಿಯೂ ಡಿ-ಡೈಮರ್ ಹೆಚ್ಚಿರುವುದು ಸಾಮಾನ್ಯವಾದ್ದರಿಂದ, ಅದರ ಆಧಿಕ್ಯವು ನಾಳದಲ್ಲಿ ಹೆಪ್ಪಿನ ವ್ಯಾಧಿಯಿದೆಯೆಂದು ಸಾಧಿಸದು. ಆದರೆ ಹೆಪ್ಪಿನ ವ್ಯಾಧಿಯಿದ್ದಲ್ಲಿ ಡಿ-ಡೈಮರ್ ಪ್ರಾಯಶಃ ಹೆಚ್ಚಿಯೇ ಇರುವುದರಿಂದ, ಅದು ಹೆಚ್ಚದಿರುವುದು ವ್ಯಾಧಿಯ ಅಭಾವವನ್ನು ಬಲವಾಗಿ ಸೂಚಿಸುತ್ತದೆ. ನಮ್ಮ ತರ್ಕಶಾಸ್ತ್ರದ ಹೊಗೆ-ಬೆಂಕಿಗಳ ಪ್ರಸಿದ್ಧ ಉದಾಹರಣೆಯಲ್ಲಿ ಡಿ-ಡೈಮರ್ ನಿಲ್ಲುವುದು ಬೆಂಕಿಯ ಸ್ಥಾನದಲ್ಲಿ, ವ್ಯಾಧಿ ಹೊಗೆಯ ಸ್ಥಾನದಲ್ಲಿ: ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರದು, ಆದರೆ ಬೆಂಕಿಯೇ ಇಲ್ಲದ ಸರೋವರದಲ್ಲಿ ಹೊಗೆ ಸರ್ವಥಾ ಇರಲಾರದು, ವ್ಯಾಪಕದ ಅಭಾವದಿಂದ ವ್ಯಾಪ್ಯದ ಅಭಾವವು ಸಿದ್ಧವಾಗುವ ವ್ಯತಿರೇಕಮಾರ್ಗವೇ ಇಲ್ಲಿ ವೈದ್ಯನ ಮಾರ್ಗ. ಈ ವ್ಯಾಪ್ತಿಯೂ ನಿರಪವಾದವಲ್ಲ. ಹೆಪ್ಪು ಅತಿ ಸಣ್ಣದಾಗಿದ್ದರೆ, ರೋಗಲಕ್ಷಣಗಳು ಆರಂಭವಾಗಿ ವಾರಗಳು ಕಳೆದಿದ್ದರೆ, ಅಥವಾ ಹೆಪ್ಪುರೋಧಕ ಔಷಧ ಈಗಾಗಲೇ ಆರಂಭವಾಗಿದ್ದರೆ, ವ್ಯಾಧಿಯಿದ್ದೂ ಸಂಖ್ಯೆ ಮಿತಿಯೊಳಗೆ ಉಳಿಯಬಹುದು. ಆದಕಾರಣವೇ ರೋಗಿಯನ್ನು ಕಣ್ಣಾರೆ ಪರೀಕ್ಷಿಸಿ ವ್ಯಾಧಿಯ ಸಂಭಾವ್ಯತೆಯನ್ನು ಮೊದಲೇ ಅಳೆಯತಕ್ಕದ್ದೆಂಬ ನಿಯಮ ಏರ್ಪಟ್ಟಿತು.

ಆ ನಿಯಮಕ್ಕೆ ರೂಪಕೊಟ್ಟವರು ಕೆನಡಾ ದೇಶದ ಫಿಲಿಪ್ ವೆಲ್ಸ್. ಕಾಲಿನ ಬಾವು, ಇತ್ತೀಚಿನ ಶಸ್ತ್ರಚಿಕಿತ್ಸೆ, ಹಾಸಿಗೆ ಹಿಡಿದಿರುವುದು, ಕ್ಯಾನ್ಸರ್ ಮುಂತಾದವಕ್ಕೆ ಅಂಕಗಳನ್ನು ಕೊಟ್ಟು ಕೂಡಿಸಿ, ಸಂಭಾವ್ಯತೆ ಕಡಮೆಯೆಂದು ಕಂಡವರಲ್ಲಿ ಮಾತ್ರ ಡಿ-ಡೈಮರ್‌ನ ನಿಷೇಧವನ್ನು ನಂಬಬಹುದೆಂದು ಅವರ ತಂಡವು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟಿತು. ಈ ಕ್ರಮದಿಂದ ರೋಗಿಯೊಬ್ಬನಿಗೆ ಬೇಕಾಗುವ ಅಲ್ಟ್ರಾಸೌಂಡ್ ಪರೀಕ್ಷೆಗಳ ಸರಾಸರಿ 1.34ರಿಂದ 0.78ಕ್ಕೆ ಇಳಿಯಿತು. 2006ರಲ್ಲಿ ನೆದರ್ಲೆಂಡ್ಸಿನಲ್ಲಿ ಕ್ರಿಸ್ಟೋಫರ್ ಎಂಬ ಹೆಸರಿನಿಂದ ನಡೆದ, 3,306 ಮಂದಿಯನ್ನೊಳಗೊಂಡ ಅಧ್ಯಯನವು ಶ್ವಾಸಕೋಶದ ಹೆಪ್ಪಿನ ವಿಷಯದಲ್ಲಿಯೂ ಇದನ್ನೇ ದೃಢಪಡಿಸಿತು: ಮೂರರಲ್ಲಿ ಒಂದು ಪಾಲಿನಷ್ಟು ರೋಗಿಗಳನ್ನು ಸಿಟಿ ಸ್ಕ್ಯಾನ್ ಇಲ್ಲದೆಯೇ ಮನೆಗೆ ಕಳುಹಿಸಲು ಸಾಧ್ಯವಾಯಿತು, ಚಿಕಿತ್ಸೆಯಿಲ್ಲದೆ ಬಿಟ್ಟ ಇವರಲ್ಲಿ ಮೂರು ತಿಂಗಳೊಳಗೆ ಹೆಪ್ಪಿನ ವ್ಯಾಧಿ ಕಂಡದ್ದು ಶೇಕಡ 0.5 ಮಂದಿಯಲ್ಲಿ ಮಾತ್ರ.

ಆದರೆ ಎಲ್ಲರಿಗೂ 500 ನ್ಯಾನೋಗ್ರಾಂ ಎಂಬ ಏಕರೂಪದ ಮಿತಿಯನ್ನಿಟ್ಟದ್ದರಿಂದ ವೃದ್ಧರಿಗೆ ಈ ಪ್ರಯೋಜನ ದಕ್ಕಲಿಲ್ಲ. ವಯಸ್ಸಿನೊಡನೆ ಡಿ-ಡೈಮರ್ ಸಹಜವಾಗಿ ಏರುವುದರಿಂದ, ಐವತ್ತು ದಾಟಿದವರಲ್ಲಿ ವಯಸ್ಸನ್ನು ಹತ್ತರಿಂದ ಗುಣಿಸಿದ ಸಂಖ್ಯೆಯನ್ನೇ ಮಿತಿಯಾಗಿ ಹಿಡಿಯಬಹುದೆಂಬ ಸೂಚನೆ ಬಂತು. 78 ವರ್ಷದವರಿಗೆ 780 ಎಂಬಂತೆ. 2014ರಲ್ಲಿ ಪ್ರಕಟವಾದ ಅಡ್ಜಸ್ಟ್-ಪಿಇ ಅಧ್ಯಯನದ ಪ್ರಕಾರ, 75 ವರ್ಷ ಮತ್ತು ಮೇಲ್ಪಟ್ಟವರಲ್ಲಿ ಈ ಹೊಸ ಮಿತಿಯಿಂದ ವ್ಯಾಧಿಯನ್ನು ತಳ್ಳಿಹಾಕಬಹುದಾದವರ ಪ್ರಮಾಣ ಶೇಕಡ 6.4ರಿಂದ 29.7ಕ್ಕೆ ಏರಿತು, ಸುರಕ್ಷತೆಗೆ ಭಂಗ ಬರಲಿಲ್ಲ. ಇಷ್ಟು ಸರಳವಾದ ಗುಣಾಕಾರವೊಂದು ಸಾವಿರಾರು ವೃದ್ಧರನ್ನು ಅನಾವಶ್ಯಕ ವಿಕಿರಣದಿಂದಲೂ ಮೂತ್ರಪಿಂಡಗಳಿಗೆ ಭಾರವಾದ ಬಣ್ಣದ್ರವ್ಯದಿಂದಲೂ ಪಾರುಮಾಡಿದ್ದು ಆಧುನಿಕ ವೈದ್ಯದ ಶ್ಲಾಘ್ಯ ಸಾಧನೆಗಳಲ್ಲೊಂದೆಂಬುದು ಈ ಲೇಖಕನ ಅಭಿಪ್ರಾಯ. 2017ರ ಇಯರ್ಸ್ ಎಂಬ ಡಚ್ ಅಧ್ಯಯನವು ಇನ್ನೂ ಮುಂದೆ ಸಾಗಿ, ಕಾಲಿನಲ್ಲಿ ಹೆಪ್ಪಿನ ಚಿಹ್ನೆ, ಕೆಮ್ಮಿನಲ್ಲಿ ರಕ್ತ, ಶ್ವಾಸಕೋಶದ ಹೆಪ್ಪೇ ಅತ್ಯಂತ ಸಂಭಾವ್ಯವೆಂಬ ವೈದ್ಯನ ಅನಿಸಿಕೆ ಈ ಮೂರರಲ್ಲಿ ಒಂದೂ ಇಲ್ಲದವರಿಗೆ 1,000ದ ಮಿತಿಯನ್ನೂ, ಒಂದಾದರೂ ಇದ್ದವರಿಗೆ 500ರ ಮಿತಿಯನ್ನೂ ವಿಧಿಸಿ ಯಶಸ್ವಿಯಾಯಿತು. ಗರ್ಭಿಣಿಯರಿಗೆ ಹೊಂದಿಸಿದ ಇದೇ ಕ್ರಮವು 2019ರಲ್ಲಿ 498 ಸ್ತ್ರೀಯರಲ್ಲಿ ಪರೀಕ್ಷಿತವಾದಾಗ, ಮೊದಲ ಮೂರು ತಿಂಗಳ ಗರ್ಭಿಣಿಯರಲ್ಲಿ ಶೇಕಡ 65 ಮಂದಿಗೆ ಸ್ಕ್ಯಾನ್ ತಪ್ಪಿತು. ಕೊನೆಯ ಮೂರು ತಿಂಗಳಲ್ಲಿ ಡಿ-ಡೈಮರ್ ಸಹಜವಾಗಿಯೇ ಬಹಳ ಏರಿರುವುದರಿಂದ ಈ ಪ್ರಮಾಣ ಶೇಕಡ 32ಕ್ಕೆ ಇಳಿದಿತ್ತು.

ಚಿಕಿತ್ಸೆಯ ಅವಧಿಯನ್ನು ನಿರ್ಧರಿಸುವ ಪ್ರಶ್ನೆ ಇದಕ್ಕಿಂತ ಜಟಿಲವಾದದ್ದು. ಕಾರಣವೇನೆಂದು ತಿಳಿಯದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟಿದ ರೋಗಿಗೆ ಮೂರು ತಿಂಗಳಾದರೂ ಹೆಪ್ಪುರೋಧಕ ಔಷಧವನ್ನು ಕೊಡಲೇಬೇಕು. ಆಮೇಲೆ ನಿಲ್ಲಿಸಿದರೆ ವ್ಯಾಧಿ ಮರುಕಳಿಸುವ ಭಯ, ಮುಂದುವರಿಸಿದರೆ ಮಿದುಳಿನಲ್ಲೋ ಜಠರದಲ್ಲೋ ರಕ್ತಸ್ರಾವವಾಗುವ ಭಯ. ಈ ಉಭಯಸಂಕಟದಲ್ಲಿ ಡಿ-ಡೈಮರ್ ದಾರಿ ತೋರಬಲ್ಲುದೇ ಎಂಬುದನ್ನು ಇಟಲಿಯ ಬೊಲೋನ್ಯಾ ನಗರದ ಗ್ವಾಲ್ಟಿಯೆರೊ ಪಲರೇಟಿ ಅವರ ನೇತೃತ್ವದ ಪ್ರೊಲಾಂಗ್ ಅಧ್ಯಯನವು ಪರೀಕ್ಷಿಸಿ 2006ರಲ್ಲಿ ಫಲವನ್ನು ಪ್ರಕಟಿಸಿತು. ಅದರ ವಿನ್ಯಾಸವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. 608 ರೋಗಿಗಳು ಔಷಧವನ್ನು ನಿಲ್ಲಿಸಿ ಒಂದು ತಿಂಗಳಾದ ಮೇಲೆ ಅವರ ರಕ್ತವನ್ನು ಪರೀಕ್ಷಿಸಲಾಯಿತು. ಸಂಖ್ಯೆ ಸಹಜವಾಗಿದ್ದ 385 ಮಂದಿ ಔಷಧವಿಲ್ಲದೆಯೇ ಉಳಿದರು. ಹೆಚ್ಚಿದ್ದ 223 ಮಂದಿಯನ್ನು ಮಾತ್ರ ಯಾದೃಚ್ಛಿಕವಾಗಿ ಇಬ್ಭಾಗಿಸಿ, ಒಂದು ಭಾಗಕ್ಕೆ ಔಷಧವನ್ನು ಮತ್ತೆ ಆರಂಭಿಸಿ ಇನ್ನೊಂದಕ್ಕೆ ಆರಂಭಿಸದೆ ಬಿಡಲಾಯಿತು. ಸರಾಸರಿ 1.4 ವರ್ಷಗಳ ಅವಧಿಯಲ್ಲಿ, ವ್ಯಾಧಿಯ ಮರುಕಳಿಕೆಯನ್ನೂ ತೀವ್ರ ರಕ್ತಸ್ರಾವವನ್ನೂ ಕೂಡಿಸಿ ಎಣಿಸಿದಾಗ, ಸಂಖ್ಯೆ ಹೆಚ್ಚಿದ್ದೂ ಔಷಧವಿಲ್ಲದವರಲ್ಲಿ ಶೇಕಡ 15.0, ಔಷಧ ಪಡೆದವರಲ್ಲಿ ಶೇಕಡ 2.9, ಸಂಖ್ಯೆ ಸಹಜವಾಗಿದ್ದವರಲ್ಲಿ ಶೇಕಡ 6.2 ಎಂದು ಕಂಡುಬಂತು. ಸಂಖ್ಯೆಯು ಭವಿಷ್ಯವನ್ನು ಸೂಚಿಸಿತೆಂಬುದಷ್ಟೇ ಅಲ್ಲ, ಅದನ್ನನುಸರಿಸಿ ಕೊಟ್ಟ ಔಷಧವು ಆ ಭವಿಷ್ಯವನ್ನು ಬದಲಾಯಿಸಿತೆಂಬುದೂ ಇಲ್ಲಿ ಸಿದ್ಧವಾದದ್ದರಿಂದ, ಸೂಚಕವೊಂದನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಈ ಅಧ್ಯಯನ ಮಾದರಿಯಾಗಿ ನಿಂತಿದೆ.

ಹಾಗಿದ್ದರೂ ಶೇಕಡ 6.2 ಎಂಬುದು ಉಪೇಕ್ಷಣೀಯ ಪ್ರಮಾಣವಲ್ಲ. ಕೆನಡಾದ ಕ್ಲೈವ್ ಕಿಯರನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಬಾರಿ ಸಹಜ ಫಲ ಬಂದವರಲ್ಲಿಯೇ ವ್ಯಾಧಿಯ ಮರುಕಳಿಕೆಯು ಪುರುಷರಲ್ಲಿ ವರ್ಷಕ್ಕೆ ಶೇಕಡ 9.7, ಸ್ತ್ರೀಯರಲ್ಲಿ ಶೇಕಡ 5.4 ಎಂದು ಕಂಡಿತು. ಈಸ್ಟ್ರೋಜನ್ ಮಾತ್ರೆಗಳ ಸೇವನೆಯಿಂದ ಹೆಪ್ಪು ಕಟ್ಟಿ ಆ ಮಾತ್ರೆಗಳನ್ನು ಬಿಟ್ಟ ಸ್ತ್ರೀಯರಲ್ಲಿ ಮಾತ್ರ ಒಂದೂ ಮರುಕಳಿಸಲಿಲ್ಲ. ಒಂದೇ ಸಹಜ ಸಂಖ್ಯೆ ಸ್ತ್ರೀಗೆ ಹೇಳುವ ಮಾತು ಬೇರೆ, ಪುರುಷನಿಗೆ ಹೇಳುವ ಮಾತು ಬೇರೆಯಾಯಿತು. ಆಸ್ಟ್ರಿಯದ ವಿಯೆನ್ನಾ ಮಾದರಿ, ಡ್ಯಾಶ್ ಅಂಕಪದ್ಧತಿ, ಸ್ತ್ರೀಯರಿಗೆ ಮಾತ್ರ ಅನ್ವಯಿಸುವ ಹೆರ್‌ಡೂ-2 ಎಂಬ ನಿಯಮ ಇವೆಲ್ಲ ಡಿ-ಡೈಮರ್‌ನೊಂದಿಗೆ ಲಿಂಗ, ವಯಸ್ಸು, ಹೆಪ್ಪಿನ ಸ್ಥಳ ಮೊದಲಾದವನ್ನು ಸಂದರ್ಭಾನುಸಾರ ಕೂಡಿಸಿಕೊಳ್ಳುವುದು ಈ ಕಾರಣದಿಂದಲೇ. ಕ್ಯಾನ್ಸರ್ ರೋಗಿಗಳಲ್ಲಿ ಹೆಪ್ಪಿನ ಅಪಾಯವನ್ನು ಮುಂಗಾಣಲು ವಿಯೆನ್ನಾದ ತಂಡವೇ 2010ರಲ್ಲಿ, ಅಲೋಕ್ ಖೊರಾನ ಅವರ ಅಂಕಪದ್ಧತಿಗೆ ಡಿ-ಡೈಮರ್ ಮತ್ತು ಪಿ-ಸೆಲೆಕ್ಟಿನ್ ಎಂಬ ಎರಡು ಅಳತೆಗಳನ್ನು ಸೇರಿಸಿತು.

ಒಂದೆಡೆ ಕಟ್ಟುವ ಹೆಪ್ಪಿನಂತಲ್ಲದೆ, ನಾಳಗಳಲ್ಲೆಲ್ಲ ಸೂಕ್ಷ್ಮ ಹೆಪ್ಪುಗಳು ಹರಡಿ, ಸ್ಕಂದಕಾಂಶಗಳು ವ್ಯಯವಾಗಿ, ಕಡೆಗೆ ರಕ್ತಸ್ರಾವಕ್ಕೆ ಎಡೆಮಾಡುವ ಡಿಐಸಿ ಎಂಬ ಘೋರ ಸ್ಥಿತಿಯು ರಕ್ತದ ಸೋಂಕು, ಪ್ರಸವದ ವಿಪತ್ತುಗಳು, ಕೆಲವು ಬಗೆಯ ರಕ್ತಕ್ಯಾನ್ಸರ್ ಮುಂತಾದವುಗಳಲ್ಲಿ ತಲೆದೋರುತ್ತದೆ. ಅಂತರರಾಷ್ಟ್ರೀಯ ಥ್ರಾಂಬೋಸಿಸ್ ಮತ್ತು ಹೀಮೋಸ್ಟೇಸಿಸ್ ಸಂಘವು 2001ರಲ್ಲಿ ರೂಪಿಸಿದ ಅಂಕಪದ್ಧತಿಯಲ್ಲಿ ಪ್ಲೇಟ್‌ಲೆಟ್ ಎಣಿಕೆ, ಪ್ರೋಥ್ರಾಂಬಿನ್ ಕಾಲ, ಫೈಬ್ರಿನೋಜನ್ ಇವುಗಳೊಡನೆ ಡಿ-ಡೈಮರ್‌ನಂಥ ಸೂಚಕಕ್ಕೂ ಸ್ಥಾನವಿದ್ದು, ಒಟ್ಟು ಐದು ಅಥವಾ ಹೆಚ್ಚು ಅಂಕಗಳಾದರೆ ಡಿಐಸಿ ಪ್ರಕಟವಾಗಿದೆಯೆಂದು ತಿಳಿಯಬೇಕು. ಕರ್ನಾಟಕದ ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಇದೇ ಬಗೆಯ ವಿಪತ್ತನ್ನು ತರುವುದು ಕೊಳಕುಮಂಡಲ ಹಾವಿನ ಕಡಿತ. ಅದರ ವಿಷವು ಐದನೆಯ ಮತ್ತು ಹತ್ತನೆಯ ಸ್ಕಂದಕಾಂಶಗಳನ್ನು ನೇರವಾಗಿ ಕೆರಳಿಸುವುದರಿಂದ ಫೈಬ್ರಿನೋಜನ್ ಕ್ಷಯಿಸಿ ಡಿ-ಡೈಮರ್ ವಿಪರೀತವಾಗಿ ಏರುತ್ತದೆ. ಆದರೆ ಪ್ರತಿವಿಷವನ್ನು ಕೊಡುವ ನಿರ್ಧಾರಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಧಾರವಾಗಿರುವುದು ಶುಚಿಯಾದ ಒಣ ಗಾಜಿನ ನಳಿಕೆಯಲ್ಲಿ ರಕ್ತವನ್ನಿಟ್ಟು ಇಪ್ಪತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟುವುದೇ ಇಲ್ಲವೇ ಎಂದು ನೋಡುವ ಪರೀಕ್ಷೆ. ಬೆಲೆಯಲ್ಲಿ ಅತ್ಯಲ್ಪವಾದ ಆ ನಳಿಕೆಯು ಯಂತ್ರದ ನೆರವಿಲ್ಲದೆ ಚಿಕಿತ್ಸೆಗೆ ದಾರಿತೋರುತ್ತಿರುವುದು ಗೌರವಾರ್ಹವಾದ ವಿಷಯ.

2020ರಲ್ಲಿ ಕೋವಿಡ್ ಮಹಾಮಾರಿ ಹಬ್ಬಿದಾಗ ಈ ಪರೀಕ್ಷೆಯ ಹೆಸರು ಪ್ರಯೋಗಶಾಲೆಯ ಗೋಡೆಗಳನ್ನು ದಾಟಿ ಮನೆಮಾತಾಯಿತು. ಚೀನಾದ ವುಹಾನ್ ನಗರದ ಎರಡು ಆಸ್ಪತ್ರೆಗಳ 191 ರೋಗಿಗಳ ವರದಿಯು, ದಾಖಲಾಗುವಾಗ ಡಿ-ಡೈಮರ್ ಒಂದು ಮೈಕ್ರೋಗ್ರಾಂ ಮೀರಿದ್ದವರಲ್ಲಿ ಸಾವಿನ ಸಂಭವಾನುಪಾತ ಸುಮಾರು 18 ಪಟ್ಟು ಹೆಚ್ಚೆಂದು ತಿಳಿಸಿತು. ಆ ಅಂದಾಜಿನ ವಿಶ್ವಾಸವ್ಯಾಪ್ತಿಯು 2.6ರಿಂದ 128ರವರೆಗೆ ಚಾಚಿತ್ತೆಂಬುದನ್ನು ಗಮನಿಸಿದವರು ವಿರಳ. ಅದೇ ನಗರದ ನಿಂಗ್ ಟಾಂಗ್ ಮತ್ತು ಸಹೋದ್ಯೋಗಿಗಳು 449 ತೀವ್ರ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಒಟ್ಟಾರೆಯಾಗಿ ಹೆಪಾರಿನ್ ಎಂಬ ಹೆಪ್ಪುರೋಧಕ ಔಷಧವನ್ನು ಪಡೆದವರಿಗೂ ಪಡೆಯದವರಿಗೂ 28 ದಿನಗಳ ಮರಣಪ್ರಮಾಣದಲ್ಲಿ ಭೇದವಿಲ್ಲದಿದ್ದರೂ, ಡಿ-ಡೈಮರ್ ಸಹಜ ಮಿತಿಯ ಆರು ಪಟ್ಟು ಮೀರಿದ್ದವರಲ್ಲಿ ಹೆಪಾರಿನ್ ಪಡೆದವರ ಮರಣಪ್ರಮಾಣ ಶೇಕಡ 52.4ರ ಬದಲು 32.8 ಆಗಿತ್ತೆಂದು ವರದಿಮಾಡಿದರು. ಔಷಧವಿಲ್ಲದೆ ಕೈಚೆಲ್ಲಿ ನಿಂತಿದ್ದ ವೈದ್ಯಲೋಕಕ್ಕೆ ಇದು ಆಶಾಕಿರಣವಾಗಿ ಕಂಡದ್ದು ಸಹಜವೇ. ಸಂಖ್ಯೆ ಏರಿದಂತೆಲ್ಲ ಹೆಪಾರಿನ್‌ನ ಪ್ರಮಾಣವನ್ನೂ ಏರಿಸುವ ಪದ್ಧತಿ ಅನೇಕ ದೇಶಗಳಲ್ಲಿ ರೂಢಿಗೆ ಬಂತು. ಭಾರತದಲ್ಲಿ ಎರಡನೆಯ ಅಲೆಯ ದಿನಗಳಲ್ಲಿ, ಮನೆಯಲ್ಲೇ ಇದ್ದ ಸೌಮ್ಯ ರೋಗಿಗಳೂ ಉರಿಯೂತದ ಸೂಚಕಗಳಾದ ಸಿಆರ್‌ಪಿ, ಫೆರಿಟಿನ್‌ಗಳೊಡನೆ ಡಿ-ಡೈಮರನ್ನು ಪದೇಪದೇ ಪರೀಕ್ಷಿಸಿಕೊಂಡು, ಅದರ ಏರಿಳಿತಗಳನ್ನೇ ಜೀವನ್ಮರಣಗಳ ತೀರ್ಪೆಂಬಂತೆ ಎದೆಗುಂದಿ ಓದಿದರು. ಆ ಕುಟುಂಬಗಳ ಆತಂಕವನ್ನು ಬಲ್ಲವರಾರೂ ಅದನ್ನು ಲಘುವಾಗಿ ಕಾಣಲಾರರು.

ಯಾದೃಚ್ಛಿಕ ಪ್ರಯೋಗಗಳ ಫಲ ಬಂದಾಗ ಚಿತ್ರ ಬೇರೆಯಾಯಿತು. ಬ್ರೆಜಿಲ್ಲಿನ ಆ್ಯಕ್ಷನ್ ಪ್ರಯೋಗವು ಡಿ-ಡೈಮರ್ ಹೆಚ್ಚಿದ್ದ 615 ರೋಗಿಗಳನ್ನೇ ಆರಿಸಿಕೊಂಡು, ಒಂದು ಪಂಗಡಕ್ಕೆ ಮುಖ್ಯವಾಗಿ ರಿವರೋಕ್ಸಬಾನ್ ಎಂಬ ಔಷಧವನ್ನು ಪೂರ್ಣ ಪ್ರಮಾಣದಲ್ಲಿ ಮೂವತ್ತು ದಿನ ಕೊಟ್ಟಿತು. ರೋಗದ ಗತಿ ಸುಧಾರಿಸಲಿಲ್ಲ, ಗಣನೀಯ ರಕ್ತಸ್ರಾವ ಮಾತ್ರ ಶೇಕಡ 2ರಿಂದ 8ಕ್ಕೆ ಏರಿತು. ಅನೇಕ ದೇಶಗಳ ಮೂರು ಪ್ರಯೋಗಗಳು ಕೂಡಿ 2021ರ ಆಗಸ್ಟಿನಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ, ತೀವ್ರ ನಿಗಾ ಘಟಕದ 1,098 ರೋಗಿಗಳಿಗೆ ಪೂರ್ಣ ಪ್ರಮಾಣದ ಹೆಪಾರಿನ್‌ನಿಂದ ಯಾವ ಲಾಭವೂ ಆಗಲಿಲ್ಲ. ಅಂಥ ಘಟಕ ಸೇರದ 2,219 ಮಂದಿಯಲ್ಲಿ, ಅಂಗಾಂಗಗಳಿಗೆ ಯಂತ್ರದ ಆಸರೆಯಿಲ್ಲದೆ ಬದುಕಿ ಮನೆಗೆ ಹಿಂದಿರುಗಿದವರ ಪ್ರಮಾಣ ಶೇಕಡ 76.4ರಿಂದ 80.2ಕ್ಕೆ ಏರಿತು. ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೇನೆಂದರೆ, ಈ ಲಾಭವು ಡಿ-ಡೈಮರ್ ಹೆಚ್ಚಿದ್ದವರಲ್ಲಿ ಮಾತ್ರವಲ್ಲದೆ ಕಡಮೆಯಿದ್ದವರಲ್ಲಿಯೂ ಕಂಡದ್ದು. ಅತ್ಯಧಿಕ ಸಾವಿನ ಅಪಾಯವನ್ನು ಸೂಚಿಸುವ ಸಂಖ್ಯೆಯುಳ್ಳ ರೋಗಿಗಳು ಅನೇಕ ವೇಳೆ ಔಷಧದ ಸಹಾಯವನ್ನು ಮೀರಿದ ಹಂತವನ್ನು ಆಗಲೇ ಮುಟ್ಟಿದ್ದಿರಬಹುದು. ಇದಕ್ಕೆ ಪ್ರತಿಯಾಗಿ, ಸಂಖ್ಯೆಯು ಸಹಜ ಮಿತಿಯ ನಾಲ್ಕು ಪಟ್ಟು ಮೀರಿದವರನ್ನು ಮುಖ್ಯವಾಗಿ ಆರಿಸಿಕೊಂಡ ಅಮೆರಿಕದ ಹೆಪ್-ಕೋವಿಡ್ ಪ್ರಯೋಗದಲ್ಲಿ, ಪೂರ್ಣ ಪ್ರಮಾಣದ ಹೆಪಾರಿನ್‌ನಿಂದ ಹೆಪ್ಪಿನ ತೊಡಕುಗಳೂ ಮರಣವೂ ಸೇರಿ ಶೇಕಡ 41.9ರಿಂದ 28.7ಕ್ಕೆ ಇಳಿದುವು, ಅಲ್ಲಿಯೂ ಪ್ರಯೋಜನ ದೊರೆತದ್ದು ತೀವ್ರ ನಿಗಾ ಘಟಕದ ಹೊರಗಿದ್ದವರಿಗೆ. ರೋಗದ ಹಂತವನ್ನು ಬಿಟ್ಟು ಸಂಖ್ಯೆಯೊಂದನ್ನೇ ಹಿಡಿದು ಹೆಪಾರಿನ್‌ನ ಪ್ರಮಾಣವನ್ನು ನಿಗದಿಪಡಿಸುವ ಪದ್ಧತಿಗೆ ಈ ಪ್ರಯೋಗಗಳಿಂದ ಸಮರ್ಥನೆ ದೊರೆಯಲಿಲ್ಲ.

ನಿಷೇಧದ ಬಳಕೆಗೆ ಮರಳಿದರೆ, ಮಹಾಪಧಮನಿಯ ಭಿತ್ತಿ ಸೀಳುವ ಮಾರಕ ವ್ಯಾಧಿಯಲ್ಲಿ, ಲಕ್ಷಣಗಳಿಂದ ಅಳೆದ ಅಪಾಯವೂ ಕಡಮೆಯಾಗಿ ಸಂಖ್ಯೆಯೂ 500ಕ್ಕಿಂತ ಕೆಳಗಿದ್ದರೆ ಅದನ್ನು ಬಹುಮಟ್ಟಿಗೆ ತಳ್ಳಿಹಾಕಬಹುದೆಂದು 2018ರ ಅಡ್ವೈಸ್ಡ್ ಅಧ್ಯಯನ ತೋರಿಸಿದೆ. ಹೆಪ್ಪು ಕರಗಿಸುವ ಸ್ಟ್ರೆಪ್ಟೋಕೈನೇಸ್‌ನಂಥ ಔಷಧವನ್ನು ಕೊಟ್ಟ ಬಳಿಕ ಸಂಖ್ಯೆ ಏರುವುದು ಆ ಔಷಧದ ಕ್ರಿಯೆಯಿಂದಲೇ ಆದ್ದರಿಂದ, ಆ ದಿನಗಳ ಅಳತೆಯಿಂದ ರೋಗದ ಬಗ್ಗೆ ಏನನ್ನೂ ನಿರ್ಣಯಿಸಲಾಗದು. ಸಂಧಿವಾತದ ರೋಗಿಗಳ ರಕ್ತದಲ್ಲಿರುವ ರುಮಟಾಯ್ಡ್ ಅಂಶವು ಪರೀಕ್ಷೆಯ ಪ್ರತಿಕಾಯಗಳೊಡನೆ ಅಂಟಿಕೊಂಡು ಮಿಥ್ಯಾ ಆಧಿಕ್ಯವನ್ನು ತೋರಿಸುವುದುಂಟು. ಅಂಥ ಸಂದೇಹ ಬಂದಾಗ ಬೇರೊಂದು ತಯಾರಕರ ವಿಧಾನದಲ್ಲಿ ಮತ್ತೆ ಅಳೆಯಿಸಬೇಕು. ವರದಿಯ ಹಾಳೆಯನ್ನು ವೈದ್ಯರ ಮುಂದಿಡುವಾಗ ರೋಗಿಯ ವಯಸ್ಸು, ಗರ್ಭಾವಸ್ಥೆ, ಇತ್ತೀಚಿನ ಶಸ್ತ್ರಚಿಕಿತ್ಸೆ, ಸೇವಿಸುತ್ತಿರುವ ಹೆಪ್ಪುರೋಧಕ ಔಷಧದ ಹೆಸರು, ರಕ್ತ ತೆಗೆದ ದಿನಾಂಕ ಮತ್ತು ಸಂಖ್ಯೆಯ ಪಕ್ಕದಲ್ಲಿ ಎಫ್‌ಇಯು ಅಥವಾ ಡಿಡಿಯು ಎಂದು ಮುದ್ರಿಸಿರುವ ಮಾನ ಇಷ್ಟನ್ನೂ ತಿಳಿಸುವುದು ಅವಶ್ಯಕ.